ಅಜ್ಜಿಗೆ ಓದಿ ಹೇಳದ ಸಾವಿನ ಸುದ್ದಿ

ಅಜ್ಜಿಯ ಗೆಳತಿ ಸತ್ತ ಸುದ್ದಿಯನ್ನು ಮುಚ್ಚಿಟ್ಟವನು ನಾನೇ. ಇವತ್ತು ಬಿಸಿ ಬೋಂಡ ಕಟ್ಟಿಕೊಟ್ಟ ಪೇಪರಿನ ಮಸಿ ವಾಸನೆಗೆ ಎಲ್ಲ ನೆನಪಾಯಿತು.

ಅಜ್ಜಿಗೆ ಓದು ಬಾರದು, ಕಣ್ಣೂ ಮಂಜು. ಎಲೆಯಡಿಕೆ ಕುಟ್ಟುತ್ತಾ, "ಇವತ್ತು ಯಾರ್ ಸತ್ತವ್ರೆ ನೋಡ್ಲಾ" ಎಂದು ದಿನವೂ ಪೇಪರು ಓದಿಸುತ್ತಿದ್ದಳು. ಒಂದು ದಿನ ಅವಳ ಗೆಳತಿ, ಮಳವಳ್ಳಿಯ ನಿಂಗಮ್ಮಜ್ಜಿಯ ಫೋಟೊ ಇತ್ತು, ಮಧ್ಯಾಹ್ನವೇ ಮಣ್ಣು ಮಾಡುವುದಿತ್ತು. ಹೇಳಿದರೆ ನಾನೂ ಜೊತೆಗೆ ಹೋಗಬೇಕು, ಕ್ರಿಕೆಟ್ ತಪ್ಪುತ್ತದೆ.

"ನಮ್ಮೋರು ಯಾರೂ ಇಲ್ಲ ಕಣಜ್ಜಿ" ಎಂದೆ.

ಗೆಳತಿಯ ಮುಖವನ್ನು ಕೊನೆಯ ಸಲ ನೋಡಲಾಗದ ಅಜ್ಜಿ, ಆಮೇಲೆ ಸುದ್ದಿ ಮುಟ್ಟಿಸಲಿಲ್ಲವೆಂದು ನಿಂಗಮ್ಮಜ್ಜಿಯ ಮಗನ ಮೇಲೆ ಹರಿಹಾಯ್ದಳು. ಪೇಪರಿಗೆ ಹಾಕಿಸಿದ್ದೆ ಎಂದು ಅವನು ಹೇಳಿದ್ದಕ್ಕೆ, "ಸುಳ್ ಯೋಳ್ಬ್ಯಾಡ, ನನ್ ಮೊಮ್ಮಗ ದಿನಾ ಓದ್ತಾನೆ" ಎಂದು ಅವನ ಜೊತೆ ಮಾತೇ ಬಿಟ್ಟಳು.

ಇವತ್ತು ಅಜ್ಜಿಯ ಮುಂದೆ ಒಪ್ಪಿಕೊಂಡೆ. ಎಲೆಯಡಿಕೆ ಪಕ್ಕಕ್ಕಿಟ್ಟು, "ಇದ್ನ ಅವನ್ ಎದ್ರುಗೇ ಯೋಳ್ಬೇಕು ನೀನು" ಎಂದಳು.

ನಾಳೆ ಮೊದಲ ಬಸ್ಸಿಗೆ ಇಬ್ಬರೂ ಮಳವಳ್ಳಿಗೆ ಹೊರಡುತ್ತಿದ್ದೇವೆ.