ಭಟ್ಟರಿಗೆ ಕೊಟ್ಟ ಮೂಗು

ಹೋದ ವಾರ ಸಿಲಿಂಡರ್ ಬದಲಿಸಿದ ಮೇಲೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂತು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಈ ವಾಸನೆಗೆ ಎಲ್ಲರಿಗೂ ಭಯವಾಗುತ್ತದೆ. ನನಗೆ ಭಯದ ಜೊತೆ ಹುಗ್ಗಿಯೂ ನೆನಪಾಗುತ್ತದೆ... ಚಾಮರಾಜಪೇಟೆಯ ನಮ್ಮ ಬೀದಿಯ ದೇವಸ್ಥಾನದ ಅಡುಗೆ ಭಟ್ಟರೂ.

ತೊಂಬತ್ತರ ದಶಕದ ಕೊನೆ. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಧನುರ್ಮಾಸದಲ್ಲಿ ದಿನಾ ಬೆಳಗಿನ ಜಾವ ನೈವೇದ್ಯಕ್ಕೆ ಹುಗ್ಗಿ. ಅಮ್ಮನ ಸೇವೆಯ ಹೆಸರುಬೇಳೆಯನ್ನು ಅಡುಗೆಮನೆಯ ಹೊಸ್ತಿಲಾಚೆ ಇಟ್ಟು ಬರುವುದು ನನ್ನ ಕೆಲಸ. ಒಳಗೆ ಕಾಲಿಡುವಂತಿಲ್ಲ. ಭಟ್ಟರು ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ನಡುಗುತ್ತ ಮಡಿಯಲ್ಲಿರುತ್ತಿದ್ದರು. ಮೂಗು, ಬಾಯಿಗೆ ಬಿಗಿಯಾಗಿ ಬಟ್ಟೆ. ದೇವರು ಉಣ್ಣುವ ಮುಂಚೆ ತಾವು ಮೂಸಿದರೂ ಅದು ಎಂಜಲೇ ಎಂಬುದು ಅವರ ಲೆಕ್ಕ. ರುಚಿ ನೋಡುವ ಮಾತಂತೂ ಇಲ್ಲವೇ ಇಲ್ಲ.

ಆ ವರ್ಷ ಸೌದೆ ಒಲೆಯ ಪಕ್ಕಕ್ಕೆ ಹೊಸ ಗ್ಯಾಸ್ ಒಲೆ ಬಂದಿತ್ತು. ಬೇಳೆ ಇಡಲು ಬಗ್ಗಿದವಳಿಗೆ ಗಪ್ಪೆಂದು ವಾಸನೆ ಬಡಿಯಿತು. ಭಟ್ಟರ ಕೈಯಲ್ಲಿ ಬೆಂಕಿಪೊಟ್ಟಣ.

“ಭಟ್ರೇ, ಗ್ಯಾಸ್ ಸೋರ್ತಿದೆ! ಹಚ್ಬೇಡಿ!”

“ಅಲ್ಲೇ ನಿಲ್ಲಮ್ಮಾ, ಮಡಿ,” ಎಂದು ಗೀರಿದರು. ಹತ್ತಲಿಲ್ಲ.

“ವಾಸನೆ ಬರ್ತಿಲ್ವಾ ನಿಮಗೆ?”

“ಬರಬಾರದು ಅಂತ್ಲೇ ಕಟ್ಟಿರೋದು!” ಎರಡನೆಯ ಕಡ್ಡಿಯ ತಲೆ ಪುಡಿಯಾಯಿತು.

ಮೂರನೆಯದು ತೆಗೆದರು. ನಾನು ಹೊಸ್ತಿಲು ಹಾರಿ ಅವರ ಮುಂಗೈ ಹಿಡಿದುಬಿಟ್ಟೆ. ಪೊಟ್ಟಣ ನೆನೆಹಾಕಿದ್ದ ಅಕ್ಕಿಗೆ ಬಿತ್ತು.

“ಅಯ್ಯಯ್ಯೋ, ಮುಟ್ಟಿಬಿಟ್ಯಲ್ಲೇ!” ಸರಿಯಾಗಿ ಬೈಯಲೆಂದು ಬಟ್ಟೆ ಕೆಳಗೆಳೆದರು. ಉಸಿರೆಳೆದರು. ತೆರೆದ ಬಾಯಿ ಹಾಗೇ ನಿಂತಿತು.

ಸಿಲಿಂಡರ್ ಮುಚ್ಚಿ, ಹಿಂದಿನ ಬಾಗಿಲು ತೆಗೆದು, ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತೆವು. ಮಡಿ ಹೇಗೂ ಹೋಗಿತ್ತು.

“ನೋಡಿದ್ಯಾ? ಪೊಟ್ಟಣ ಒದ್ದೆ ಪಂಚೇಲಿ ಸಿಕ್ಕಿಸ್ಕೊಂಡಿದ್ದೆ. ಮಡಿ ನಮ್ಮನ್ನ ಉಳಿಸ್ತು.”

“ಮಡಿನೇ ನಮ್ಮನ್ನ ಮುಗಿಸ್ತಿತ್ತು, ಭಟ್ರೇ.”

“ಅದು ಮೂಗಿನ ಬಟ್ಟೆ ತಪ್ಪು ಕಣಮ್ಮಾ. ಪಂಚೇದಲ್ಲ.”

ಅವರು ಮತ್ತೆ ಸ್ನಾನ ಮಾಡಿ, ಸೌದೆ ಒಲೆ ಹೊತ್ತಿಸಿ, ಬೇರೆ ಅಕ್ಕಿ ಹಾಕುವಷ್ಟರಲ್ಲಿ ಹೊರಗಿನ ಸಾಲು ಗೊಣಗತೊಡಗಿತ್ತು. ನಾಲ್ಕು ಬಟ್ಟಲಿನ ಕ್ಯಾರಿಯರ್ ಹಿಡಿದಿದ್ದ ಯಜಮಾನರೊಬ್ಬರು, “ದೇವರಿಗೇನು, ಕಾಯ್ತಾನೆ. ನನಗೆ ಆಫೀಸಿದೆ,” ಎಂದರು. ಕೊನೆಗೂ ಬಂದ ಹುಗ್ಗಿಗೆ ಉಪ್ಪೇ ಇರಲಿಲ್ಲ. ಪ್ರಸಾದಕ್ಕೆ ಕೊಂಕು ತೆಗೆಯುವವರುಂಟೇ? ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು. ಆ ಯಜಮಾನರು ಎರಡನೆಯ ಸಲವೂ ಬಂದರು. ನಾನು ಮಾತ್ರ ಇವತ್ತಿಗೂ ಆ ಕಡ್ಡಿಗಳನ್ನು ಎಣಿಸುತ್ತೇನೆ. ಮೂರನೆಯದು ಒಣಗಿದ್ದಿದ್ದರೆ?

ಸೋರುತ್ತಿದ್ದ ಪೈಪು ಬದಲಾಯಿತು. ಮೂಗಿನ ಬಟ್ಟೆ ಮಾತ್ರ ಬದಲಾಗಲಿಲ್ಲ. ಮರುದಿನ ಭಟ್ಟರು ಒಲೆ ಹಚ್ಚದೆ ನನಗಾಗಿ ಕಾಯುತ್ತಿದ್ದರು.

“ಬಾಮ್ಮಾ, ಸ್ವಲ್ಪ ನಿನ್ನ ಮೂಗು ಬೇಕಿತ್ತು.”

ಹೊಸ್ತಿಲ ಹೊರಗೇ ನಿಂತು, ಕತ್ತು ಚಾಚಿ ಮೂಸಿದೆ. “ಹಚ್ಚಿ, ಭಟ್ರೇ.”

ಆಮೇಲೆ ಪ್ರತಿ ಧನುರ್ಮಾಸವೂ ಹೀಗೇ. ನೆಗಡಿಯಾದ ದಿನ ತಮ್ಮನನ್ನು ಕಳಿಸಿದರೆ, “ಇವನ ಮೂಗು ನಂಬಬಹುದಾ?” ಎಂದು ಭಟ್ಟರು ಅವನ ಕೈಲೇ ಕೇಳಿ ಕಳಿಸಿದ್ದರು. ಮದುವೆಯಾಗಿ ತ್ಯಾಗರಾಜನಗರಕ್ಕೆ ಹೊರಟಾಗ, “ಇನ್ನು ನನ್ನ ಗತಿ?” ಎಂದು ನಕ್ಕರು. ಅವರು ತೀರಿಕೊಂಡ ಸುದ್ದಿ ಅಮ್ಮನಿಂದ ತಿಳಿಯುವಷ್ಟರಲ್ಲಿ ಹದಿನೈದು ದಿನವಾಗಿತ್ತು. ಈಗಿನ ಅಡುಗೆಯವರು ಬಟ್ಟೆ ಕಟ್ಟುವುದಿಲ್ಲವಂತೆ. ಹುಗ್ಗಿಗೆ ಉಪ್ಪು ಸರಿಯಾಗಿರುತ್ತದಂತೆ.

ನಾನಿನ್ನೂ ಮೆಟ್ಟಿಲ ಮೇಲಿದ್ದಾಗಲೇ ಗ್ಯಾಸ್ ರಿಪೇರಿಯವನು ಬಂದು, ವಾಷರ್ ಬದಲಿಸಿ ಹೋದ. ಒಲೆಯ ಮುಂದೆ ನಿಂತು, ಮೂರು ಸಲ ಮೂಸಿ ನೋಡಿದೆ. ಏನೂ ಇರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ.

“ಹಚ್ಚಿ, ಭಟ್ರೇ,” ಎಂದೆ, ಗಟ್ಟಿಯಾಗಿ.

ಸ್ವಲ್ಪ ಹೊತ್ತು ಕಾದು, ನಾನೇ ಹಚ್ಚಿದೆ.