ನಾಲಿಗೆಯ ಮೇಲೆ ನಿಂತ ಮಾಳಿಗೆ

ಕುಷ್ಟಗಿ ದಾಟಿ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಒಂದು ಬಂಜರು ಸಿಗುತ್ತದೆ. ಬೆಳೆ ಏಳದ, ದನ ಬಾಯಿ ಹಾಕದ ಸವುಳು ನೆಲ. ಹೊತ್ತು ಇನ್ನೂ ಹುಟ್ಟಿಲ್ಲ. ಅರವತ್ತರ ಆಸುಪಾಸಿನ ಮುದಕಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಗುದ್ದಲಿಯ ತುದಿಯಿಂದ ಮೇಲ್ಪದರ ಕೆರೆದು, ಅಡಿಯ ಬೂದು ಮಣ್ಣನ್ನು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮುಖ ಕಿವುಚುವುದಿಲ್ಲ. ರುಚಿ ನಾಲಿಗೆಗೆ ಇಳಿದ ಮೇಲೆ ಉಗುಳುತ್ತಾಳೆ. ಎರಡು ಮಾರು ಸರಿದು ಮತ್ತೆ ಕೆರೆಯುತ್ತಾಳೆ.

ಮೂರನೆಯ ಜಾಗದಲ್ಲಿ ಅವಳ ಕೈ ನಿಲ್ಲುತ್ತದೆ.

"ಇದು ಆಕ್ಕೈತಿ. ತಗೋ, ನೀನೂ ನೋಡು."

ಹಿಂದೆ ನಿಂತಿರುವವಳು ಪಿಂಜಾರರ ಸರ್ದಾರಬೀ. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯವಳು. ಮಣ್ಣನ್ನು ನಾಲಿಗೆಗೆ ಮುಟ್ಟಿಸಿದವಳೇ ಥೂ ಎಂದು ಉಗಿಯುತ್ತಾಳೆ.

"ಉಪ್ಪಿನಕಾಯಿ ಭರಣಿ ತೊಳದ ನೀರು ಇದ್ದಂಗ ಐತಿ."

"ಹಂಗ ಇರಬೇಕು. ಬಾಯಿಗೆ ಹೊಲಸಾದ ಮಣ್ಣು ಮನಿಗೆ ಛಲೋ."

ಸರ್ದಾರಬೀ ನಗುವುದಿಲ್ಲ. ಅವಳು ಇಲ್ಲಿಗೆ ಬಂದಿರುವುದು ಕಾವಲಿಗೆ. ನಾಲ್ಕು ವರ್ಷದ ಹಿಂದೆ ಇದೇ ಮುದಕಮ್ಮ ಮಣ್ಣು ಹಾಕಿದ ಮಾಳಿಗೆ ಕುಸಿದು, ಸರ್ದಾರಬೀಯ ಗಂಡ ಶಫೀಸಾಬನ ಸೊಂಟ ಮುರಿಯಿತು. ಅದಾದ ಮೇಲೆ ಈ ಬೇಸಿಗೆಯೇ ಆ ಮನೆಯ ಏಣಿಯನ್ನು ಮುದಕಮ್ಮ ಮತ್ತೆ ಹತ್ತುವುದು.

ಈ ಸೀಮೆಯ ಮನೆಗಳಿಗೆ ಹೆಂಚಿಲ್ಲ, ಹುಲ್ಲಿಲ್ಲ, ಮಣ್ಣಿನ ಮಾಳಿಗೆಯೇ ಚಾವಣಿ. ಕಲ್ಲುಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಗೇಣು ದಪ್ಪ ಮಣ್ಣು. ಎಲ್ಲಕ್ಕೂ ಮೇಲೆ ನಾಲ್ಕು ಬೆರಳು ಸವುಳು. ಕೆಂಪು ಮಣ್ಣು ನೀರು ಕುಡಿಯುತ್ತದೆ, ಕರಿ ಮಣ್ಣು ಬಿರಿಯುತ್ತದೆ. ಸವುಳು ಮಾತ್ರ ಮೊದಲ ಹನಿಗಳಿಗೆ ಮೆತ್ತಗಾಗಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಮಾಳಿಗೆಯಂಚಿನ ದೋಣಿ, ಅಂದರೆ ನೀರು ಹೊರಬೀಳುವ ತೋಡು, ಹಿಡಿದು ಓಣಿಗೆ ಸುರಿಯುತ್ತದೆ. ಆದರೆ ಚೈತ್ರ ವೈಶಾಖದ ಸುಂಟರಗಾಳಿ ಈ ಸವುಳನ್ನು ವರ್ಷಕ್ಕಿಷ್ಟು ಕೆರೆದು ಒಯ್ಯುತ್ತದೆ. ಹಾಗಾಗಿ ರೋಹಿಣಿ ಮಳೆಗೆ ಮುಂಚೆ ಪ್ರತಿ ಮನೆಗೂ ಹೊಸ ಸವುಳು ಬೀಳಲೇಬೇಕು. ತಗಡು ಹಾಕಿಸೋಣವೆಂದರೆ ಯುದ್ಧ ಶುರುವಾದಾಗಿನಿಂದ ತಗಡು ಕಣ್ಣಿಗೆ ಬಿದ್ದಿಲ್ಲ. ಸಾವುಕಾರರ ಉಗ್ರಾಣವಾಗಲಿ, ಕೂಲಿಯವನ ಗುಡಿಸಲಾಗಲಿ, ಕಾಯುವುದು ಮಣ್ಣೇ.

ಎರಡು ತೊಲೆಗಳ ನಡುವಿನ ಒಂದು ಅಂಕಣಕ್ಕೆ ಮೂವತ್ತು ಬುಟ್ಟಿ. ಐದಂಕಣದ ಮನೆಗೆ ನೂರೈವತ್ತು. ಬಂಜರಿನಿಂದ ಊರ ತನಕ ಅಗಸರ ನಾಲ್ಕು ಕತ್ತೆಗಳು ಹೊರುತ್ತವೆ. ಓಣಿಯಿಂದ ಮಾಳಿಗೆಗೆ ಮುದಕಮ್ಮನ ತಲೆ. ಹನ್ನೆರಡು ಮೆಟ್ಟಿಲಿನ ಏಣಿಯನ್ನು ದಿನಕ್ಕೆ ಎಪ್ಪತ್ತು ಎಂಬತ್ತು ಸಲ ಹತ್ತಿ ಇಳಿಯುತ್ತಾಳೆ. ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು, ದೋಣಿಯ ಕಡೆಗೆ ಇಳಿಜಾರು ಕೂರಿಸುತ್ತಾಳೆ. ಈ ಬೇಸಿಗೆಯಲ್ಲಿ ಮೂವತ್ತೇಳು ಮನೆ ಮುಗಿದಿವೆ, ಎಂಟು ಉಳಿದಿವೆ. ಮೊಣಕಾಲು ಊದಿಕೊಂಡಿವೆ. ಬೆಳಗ್ಗೆ ಎದ್ದು ಅವನ್ನು ಮಡಿಸುವುದೇ ಆ ದಿನದ ಮೊದಲ ಕೆಲಸ ಎನ್ನುತ್ತಾಳೆ.

ಕೆಲಸ ಗಂಡನದು. ಮಾರೆಪ್ಪ ಹೆಸರಾದ ಮಾಳಿಗೆಗಾರ. ಕುಷ್ಟಗಿಯಿಂದ ಯಲಬುರ್ಗಿಯ ತನಕ ಕರೆ ಬರುತ್ತಿತ್ತು. ಆದರೆ ಒಂದು ಸಂಗತಿ ಊರಿಗೆ ಗೊತ್ತಿರಲಿಲ್ಲ.

"ತಂಬಾಕ ಹಾಕಿ ಹಾಕಿ ಅವನ ನಾಲಿಗಿ ಚಪ್ಪಲಿ ತೊಗಲಾಗಿತ್ತು. ಉಪ್ಪಿಗೂ ಬೆಲ್ಲಕ್ಕೂ ಫರಕು ತಿಳೀತಿರಲಿಲ್ಲ. ಮಣ್ಣು ನಾ ನೋಡ್ತಿದ್ನಿ, ಹೆಸರು ಅವಂದಿತ್ತು" ಎಂದು ಮುದಕಮ್ಮ ಹೇಳುತ್ತಾಳೆ. ದೂರಲ್ಲ, ಇದ್ದದ್ದು ಇದ್ದ ಹಾಗೆ.

ಹನ್ನೊಂದು ವರ್ಷದ ಹಿಂದೆ ವಾಂತಿಭೇದಿಯಲ್ಲಿ ಮಾರೆಪ್ಪ ಎರಡೇ ದಿನಕ್ಕೆ ಹೋದ. ಮುಂದಿನ ಬೇಸಿಗೆಗೆ ಇವಳು ಗುದ್ದಲಿ ಹಿಡಿದಾಗ ದೊಡ್ಡ ಮನೆಗಳವರು ಬೇಡವೆಂದರು. ದೇವರ ಕೋಣೆಯ ಮೇಲೆ ರಂಡೆಹೆಂಗಸು ಕಾಲಿಡುವುದೇ? ಬೇರೆಯವರನ್ನು ಕರೆಸಿದರು. ಆ ಮಳೆಗಾಲದಲ್ಲಿ ದೇವರ ಕೋಣೆಗಳೇ ಮೊದಲು ಸೋರಿದವು. ಅದರಾಚೆಯ ಬೇಸಿಗೆಗೆ ಶಾಸ್ತ್ರ ಕೇಳುವವರು ಕಡಿಮೆಯಾದರು.

ಈಗ ಪೇಟೆಯ ಸೇಂಗಾ ವ್ಯಾಪಾರಿ ವಿರೂಪಾಕ್ಷಪ್ಪನ ಉಗ್ರಾಣವೂ ಇವಳದೇ. ಅವನಿಗೆ ಇವಳನ್ನು ಕಂಡರೆ ಬಾಯಿ ತುರಿಸುತ್ತದೆ.

"ಏನು ಮುದಕಮ್ಮ, ಊರ ಮಣ್ಣೆಲ್ಲಾ ನೀನ ತಿಂದು ಖಾಲಿ ಮಾಡ್ತೀಯೇನು?"

"ನೀವು ಸೇಂಗಾ ತಿಂದು ಖಾಲಿ ಮಾಡ್ರಿ ಸಾವುಕಾರ್ರ. ಮಣ್ಣಿನ ಚಿಂತಿ ನನಗಿರ್ಲಿ."

ಕೆಲಸ ಮುಗಿದಾಗ ಜೋಳ ಅಳೆದು ಕೊಡುತ್ತಾರೆ. ಹೊಗಳುವುದಿಲ್ಲ. ಅದು ಅವಳಿಗೆ ಬೇಕಾಗಿಯೂ ಇಲ್ಲ.

"ಮಳಿ ಬಂದಾಗ ಊರಾಗ ಯಾರೂ ನನ್ನ ಹೆಸರು ತಗೀಬಾರದು ನೋಡ್ರಿ. ಯಾರರ ಮುದಕಮ್ಮಾ ಅಂತ ಒದರಿದ್ರ ಎದಿ ಧಸಕ್ ಅಂತೈತಿ. ಎಲ್ಲೋ ಸೋರೈತಿ ಅಂತನ ಲೆಕ್ಕ."

ಮಣ್ಣು ನೋಡುವುದಕ್ಕೆ ಅವಳದೊಂದು ಕಟ್ಟಳೆ ಇದೆ. ನಸುಕಿನಲ್ಲಿ ಎದ್ದು, ಬರಿ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹಲ್ಲಿಗೆ ಬೂದಿ ಸಹ ಹಚ್ಚದೆ ಬಂಜರಿಗೆ ಬರಬೇಕು. ಮಣ್ಣಿಗೆ ಮುಂಚೆ ಬೇರೇನೂ ನಾಲಿಗೆ ಮುಟ್ಟಬಾರದು. ಮೂವತ್ತು ವರ್ಷ ಅದನ್ನು ಮೀರಿರಲಿಲ್ಲ. ಮೀರಿದ್ದು ಒಂದೇ ದಿನ, ನಾಲ್ಕು ವರ್ಷದ ಹಿಂದೆ.

ಆ ದಿನ ಕತ್ತೆಗಳನ್ನು ಹೊಡೆದುಕೊಂಡು ಹೊರಟವಳನ್ನು ಶಫೀಸಾಬ ಬಾಗಿಲಲ್ಲಿ ತಡೆದ. ರಾಯಚೂರಿಗೆ ಹೋದವನು ಚಹಾಪುಡಿ ತಂದಿದ್ದ. ಓಣಿಯಲ್ಲಿ ಅದೇ ಮೊದಲ ಚಹಾ. ಸರ್ದಾರಬೀ ಬೆಲ್ಲ ಹಾಕಿ ಕುದಿಸಿ, ಹೊಸ ಬಟ್ಟಲಲ್ಲಿ ತಂದುಕೊಟ್ಟಳು. "ಕುಡೀ ಅಕ್ಕ, ನಮ್ಮ ಮನಿ ಕೆಲಸಕ್ಕ ಹೊಂಟೀದಿ" ಎಂದಳು. ಮಾನ ಮಾಡಿ ಕೊಟ್ಟದ್ದನ್ನು ಬೇಡವೆನ್ನಲು ಮುದಕಮ್ಮನಿಗೆ ಬಾಯಿ ಬರಲಿಲ್ಲ. ಜೀವಮಾನದಲ್ಲಿ ಚಹಾ ಕಂಡವಳಲ್ಲ. ಅಂಬಲಿ ಕುಡಿಯುವ ಹಾಗೆ ಒಂದೇ ಗುಟುಕಿಗೆ ಎತ್ತಿದಳು. ನಾಲಿಗೆಯ ತುದಿ ಬೊಬ್ಬೆ ಎದ್ದಿತು.

ಬಂಜರಿನಲ್ಲಿ ಮಣ್ಣು ಬಾಯಿಗೆ ಹಾಕಿದರೆ ಉಪ್ಪೋ ಉರಿಯೋ ತಿಳಿಯಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿತ್ತು. ಕತ್ತೆಗಳು ಬಂದು ನಿಂತಿದ್ದವು. ಬಣ್ಣ ಸರಿ ಕಂಡಿತು.

"ಒಂದು ದಿನ ತಡೀಬೇಕಿತ್ತು. ತಡೀಲಿಲ್ಲ. ಆಕ್ಕೈತಿ ಅಂದುಬಿಟ್ನಿ."

ಹದಿನೆಂಟು ದಿನಕ್ಕೆ ಮಳೆ ಬಂತು. ಮಣ್ಣು ನೀರು ಕುಡಿಯಿತು, ಕುಡಿದು ಭಾರವಾಯಿತು. ಮಟಮಟ ಮಧ್ಯಾಹ್ನ ಎರಡು ಜಂತಿ ಮುರಿದು, ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ ಶಫೀಸಾಬನ ಮೇಲೆ ಮಾಳಿಗೆ ಕೂತಿತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ.

ಊರು ತನಗೆ ತಿಳಿದಂತೆ ಕಾರಣ ಹೇಳಿತು. ಸಾಬರ ಮನೆಯ ಚಹಾ ಕುಡಿದಳು, ನಾಲಿಗೆಯ ಸತ್ವ ಹೋಯಿತು ಎಂದರು ಕೆಲವರು. "ಜಾತಿಗಲ್ಲ, ಬಿಸಿಗೆ ಸುಟ್ಟಿತ್ತು" ಎಂದು ಮುದಕಮ್ಮ ಬಾವಿಕಟ್ಟೆಯ ಮೇಲೆ ಎಲ್ಲರೆದುರು ಹೇಳಿದಳು. ಜಂತಿ ಹುಳ ತಿಂದಿತ್ತು ಅಂತ ಹೇಳು, ನಿನ್ನ ಮೇಲೆ ಬರುವುದಿಲ್ಲ ಎಂದು ಬುದ್ಧಿ ಹೇಳಿದವರೂ ಇದ್ದರು. ಜಂತಿಗೆ ಹುಳ ಹಿಡಿದದ್ದು ಸುಳ್ಳೂ ಅಲ್ಲ. ಅವಳು ಹಾಗೆ ಹೇಳಲಿಲ್ಲ. ಸರ್ದಾರಬೀಯ ಬಾಗಿಲಿಗೆ ಹೋಗಿ, ನಾಲಿಗೆ ಸುಟ್ಟಿದ್ದು ಗೊತ್ತಿದ್ದೂ ಮಣ್ಣು ಹಾಕಿದೆನೆಂದು ಒಪ್ಪಿಕೊಂಡಳು. ಸರ್ದಾರಬೀ ಕೇಳಿಸಿಕೊಂಡು ಬಾಗಿಲು ಹಾಕಿದಳು. ಅಂದಿನಿಂದ ಅಕ್ಕ ಎನ್ನುವುದನ್ನೂ ಬಿಟ್ಟಳು.

ಬಿಲ್ಲನ್ನು ಸರ್ದಾರಬೀಯೇ ಎತ್ತಿಕೊಂಡಳು. ಹೆಂಗಸು ಬಿಲ್ಲು ಹಿಡಿಯುವುದನ್ನು ಪಿಂಜಾರ ಓಣಿಯೇ ಕಂಡಿರಲಿಲ್ಲ. "ಹತ್ತಿ ಹಿಂಜಾಕ ಮೀಸಿ ಬೇಕೇನ್ರಿ?" ಎಂದು ಕೇಳಿ ನಕ್ಕವರ ಬಾಯಿ ಮುಚ್ಚಿಸಿದಳು. ಆದರೆ ಹೆದರಿಕೆ ಹೋಗಲಿಲ್ಲ. ಮಾಳಿಗೆಯ ನಡುವಿನ ಬೆಳಕಿಂಡಿಗೆ, ಹೊಗೆ ಹೊರಗೆ ಹೋಗಿ ಬೆಳಕು ಒಳಗೆ ಬರುವ ಆ ತೂತಿಗೆ, ಚಪ್ಪಡಿ ಎಳೆದು ಸುತ್ತ ಮಣ್ಣು ಮೆತ್ತಿಸಿದಳು. ನೀರು ಬರುವ ದಾರಿಯೊಂದು ಕಡಿಮೆಯಾಯಿತು ಅಂತ ಅವಳ ಎಣಿಕೆ. ಗಾಳಿ ಹೋಗುವ ದಾರಿಯೂ ಅದೊಂದೇ ಇತ್ತು. ಒಲೆಯ ಹೊಗೆ, ಹತ್ತಿಯ ನವಿರು ಎಳೆ ಎಲ್ಲ ಒಳಗೇ ತಿರುಗಿ ಶಫೀಸಾಬನ ಎದೆ ಸೇರಿದವು. ಕೂತಲ್ಲೇ ಕೂತವನಿಗೆ ಕೆಮ್ಮು ಹತ್ತಿತು. ಆ ಕೆಮ್ಮು ಓಣಿಯ ತುದಿಗೂ ಕೇಳುತ್ತದೆ. ದಿನಾ ಆ ದಾರಿಯಲ್ಲಿ ಹೋಗುವ ಮುದಕಮ್ಮನಿಗೆ ಅದು ಕೇಳದಿದ್ದ ದಿನವಿಲ್ಲ.

ನಾಲ್ಕು ವರ್ಷ ಆ ಮನೆಗೆ ಮಣ್ಣು ಹಾಕಿದವನು ಕರಿಬಸಪ್ಪ ಎಂಬ ಆಳು. ಹತ್ತಿರ ಸಿಕ್ಕ ಕೆಂಪು ಮಣ್ಣು ತಂದು ಸುರಿಯುತ್ತಿದ್ದ. ಸೋರುತ್ತಲೇ ಇತ್ತು. ಈ ವರ್ಷ ಅವನು ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಹೋಗಿದ್ದಾನೆ. ಬೇರೆ ಯಾರೂ ಸಿಗದೆ ಸರ್ದಾರಬೀ ತಾನೇ ಬಂದು ಮುದಕಮ್ಮನ ಅಂಗಳದಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಮಣ್ಣು ಹಾಕಬೇಕು. ಆದ್ರ ಮಣ್ಣು ನಾ ನೋಡಾಕಿ."

"ನೋಡು. ನಾಳಿ ನಸಿಕಿನ್ಯಾಗ ಬಾ. ಬಾಯಾಗ ಏನೂ ಹಾಕ್ಕೊಬ್ಯಾಡ."

ಆ ನಸುಕೇ ಈ ಬರಹದ ಮೊದಲಿಗೆ ಕಂಡದ್ದು. ರುಚಿ ನೋಡಿದ ಮೇಲೂ ಮುದಕಮ್ಮ ಕತ್ತೆ ಕರೆಯುವುದಿಲ್ಲ. ಅಂಗೈಯಷ್ಟು ಕುಣಿ ಮಾಡಿ, ಮಣ್ಣು ಕಲೆಸಿ ಮೆತ್ತಿ, ಚೆಂಬಿನ ನೀರು ಹೊಯ್ದು, ಬಿಸಿಲೇರುವ ತನಕ ಕೂತು ನೋಡುತ್ತಾಳೆ. ನೀರು ಇಂಗುವುದಿಲ್ಲ. ಕೆಟ್ಟ ಮೇಲೆ ಕಲಿತ ಪರೀಕ್ಷೆ ಇದು. ತನ್ನ ನಾಲಿಗೆಯೊಂದನ್ನೇ ಅವಳು ಈಗ ನಂಬುವುದಿಲ್ಲ.

ಎರಡು ದಿನ ಕೆಲಸ. ಕರಿಬಸಪ್ಪನ ಕೆಂಪು ಮಣ್ಣನ್ನೆಲ್ಲ ಕೆರೆದು ಕೆಳಗೆ ಹಾಕುತ್ತಾಳೆ. ಹುಳ ಹಿಡಿದ ಇನ್ನೊಂದು ಜಂತಿಯನ್ನು ತೋರಿಸಿ ಬದಲಾಯಿಸುತ್ತಾಳೆ. ಕೊನೆಗೆ ಬೆಳಕಿಂಡಿಯ ಚಪ್ಪಡಿಗೆ ಕೈ ಹಾಕಿದಾಗ ಕೆಳಗಿನಿಂದ ಸರ್ದಾರಬೀ ಕೂಗುತ್ತಾಳೆ:

"ಅದನ್ನ ಮುಟ್ಟಬ್ಯಾಡ!"

"ಮುಚ್ಚಿದ್ರ ಮನಿ ಉಳೀತೈತಿ ತಂಗಿ, ಮನಶ್ಯಾ ಉಳಿಯೂದಿಲ್ಲ."

"ನೀ ಮನಶ್ಯಾನ ಉಳಿಸಿದ್ದು ನೋಡೀನಿ."

ಮುದಕಮ್ಮ ಚಪ್ಪಡಿಯಿಂದ ಕೈ ತೆಗೆಯುವುದಿಲ್ಲ. ಉತ್ತರ ಕೊಡುವವನು ಒಳಗಿನ ಶಫೀಸಾಬ. ಕೆಮ್ಮಿ, ಸುಧಾರಿಸಿಕೊಂಡು, "ತಗೀಲಿ ಬಿಡ. ನಾಲ್ಕು ವರ್ಷದಿಂದ ಹತ್ತಿ ನೀ ಹಿಂಜತಿ, ನಾ ತಿಂತೀನಿ. ಇನ್ನೊಂದು ವರ್ಷ ಹೋದ್ರ ನನ್ನನ್ನ ಗಾದಿ ಮಾಡಿ ಹೊಲೀಬಹುದು" ಎನ್ನುತ್ತಾನೆ.

ಸರ್ದಾರಬೀ ಒಳಗೆ ಹೋಗುತ್ತಾಳೆ. ಮುದಕಮ್ಮ ಚಪ್ಪಡಿ ಸರಿಸುತ್ತಾಳೆ. ತೂತಿನ ಸುತ್ತ ಗೇಣೆತ್ತರ ಕಟ್ಟೆ ಕಟ್ಟಿ, ಕಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನಿಲ್ಲಿಸಿ, ಅದೇ ಚಪ್ಪಡಿಯನ್ನು ಅವುಗಳ ಮೇಲೆ ಕೊಡೆಯ ಹಾಗೆ ಇಡುತ್ತಾಳೆ. ಹನಿ ಒಳಗೆ ಬೀಳದು, ಹೊಗೆ ಒಳಗೆ ನಿಲ್ಲದು. ಕೆಳಗಿನ ಕತ್ತಲೆಯಲ್ಲಿ ಬೆಳಕಿನ ಪಟ್ಟಿಯೊಂದು ಗೋಡೆಗೆ ಬಿದ್ದು, ಅದರೊಳಗೆ ಹತ್ತಿಯ ಎಳೆಗಳು ಮೇಲೇರುವುದು ಕಾಣುತ್ತದೆ.

ಒಂಬತ್ತನೆಯ ದಿನ ಮಧ್ಯಾಹ್ನ ಮೊದಲು ಗಾಳಿ ಏಳುತ್ತದೆ. ಬೀದಿಯ ಧೂಳೆಲ್ಲ ಗೋಡೆಯ ಹಾಗೆ ಎದ್ದು ಬಂದು ಊರನ್ನು ಮುಚ್ಚುತ್ತದೆ. ಅದರ ಬೆನ್ನಿಗೇ ಆಲಿಕಲ್ಲು, ಮಳೆ. ಮುದಕಮ್ಮ ಇನ್ನೊಂದು ಮನೆಯ ಏಣಿಯ ಮೇಲಿದ್ದವಳು ಇಳಿದು, ಸೆರಗು ತಲೆಗೆ ಹೊದ್ದು, ಪಿಂಜಾರ ಓಣಿಗೆ ನಡೆಯುತ್ತಾಳೆ. ಕೇಳದೆ ಒಳಗೆ ಬಂದು, ಅಂದು ಮಾಳಿಗೆ ಕುಸಿದ ಜಾಗದ ಕೆಳಗೇ, ನೆಲದ ಮೇಲೆ ಕೂತುಬಿಡುತ್ತಾಳೆ.

"ಇಲ್ಲ್ಯಾಕ ಕುಂತಿ?" ಎನ್ನುತ್ತಾಳೆ ಸರ್ದಾರಬೀ.

"ನನ್ನ ಮಣ್ಣು. ನನ್ನ ತಲಿ ಮ್ಯಾಲ ಬೀಳಲಿ."

ಎರಡು ತಾಸು ಮಳೆ ಹೊಡೆಯುತ್ತದೆ. ಮುದಕಮ್ಮ ಮೇಲೆ ನೋಡುವುದಿಲ್ಲ, ಕಿವಿಗೊಟ್ಟು ಕೂತಿದ್ದಾಳೆ. ಮಣ್ಣು ನೀರು ಕುಡಿಯುವಾಗ ಜಂತಿ ಕಿರುಗುಟ್ಟುತ್ತದೆ. ಕಿರುಗುಟ್ಟುತ್ತಿಲ್ಲ. ಹೊರಗೆ ದೋಣಿಯಿಂದ ನೀರು ಧೋ ಎಂದು ಓಣಿಗೆ ಬೀಳುತ್ತಿದೆ, ಮೊದಲು ಗಾಳಿ ತಂದ ಧೂಳಿಗೆ ಕೆಂಪಗೆ, ಆಮೇಲೆ ಬೂದುಬಣ್ಣಕ್ಕೆ, ಆಮೇಲೆ ತಿಳಿಯಾಗಿ. ಮೂಲೆಯಲ್ಲಿ ಶಫೀಸಾಬನಿಗೆ ನಿದ್ದೆ ಹತ್ತಿದೆ. ಕೆಮ್ಮು ಕೇಳುವುದಿಲ್ಲ. ಒಲೆಯ ಹೊಗೆ ನೆಟ್ಟಗೆ ಎದ್ದು ಬೆಳಕಿಂಡಿಯಲ್ಲಿ ಹೋಗುತ್ತಿದೆ.

"ಮುದಕಕ್ಕಾ."

ಮುದಕಮ್ಮ ಬೆಚ್ಚಿ ಕತ್ತೆತ್ತುತ್ತಾಳೆ.

"ಎಲ್ಲಿ? ಎಲ್ಲಿ ಸೋರೈತಿ?"

"ಎಲ್ಲೂ ಸೋರಿಲ್ಲ" ಎನ್ನುತ್ತಾಳೆ ಸರ್ದಾರಬೀ. ಒಲೆಯ ಬಳಿ ಬಟ್ಟಲು ಹಿಡಿದು ನಿಂತಿದ್ದಾಳೆ. ಯಾವಾಗ ಇಳಿಸಿಟ್ಟಿದ್ದಳೋ, ಅದರಲ್ಲಿ ಹಬೆಯಿಲ್ಲ.

"ಚಾ ಆರೈತಿ. ಕುಡಿ."