ಮೂರು ‘ಎಲ್ಲಿ’ಗಳು

ಇಂಡಿ ಪಟ್ಟಣದ ಬಸ್ ನಿಲ್ದಾಣದೆದುರಿನ ಅಂಗಡಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ: ‘ನಿಂಬೆ ಉಪ್ಪಿನಕಾಯಿ, ನಿಂಬೆ ಶರಬತ್ತು’. ಒಣಗಿದ ಕುಂಚದಲ್ಲಿ ಎಳೆದಂತಿರುವ ಒರಟು ಅಕ್ಷರ. ನೀವೂ ನೋಡಿರುತ್ತೀರಿ, ಖಾರದ ಪುಡಿಯ ಪೊಟ್ಟಣಕ್ಕೂ ಅದೇ, ಜಿಮ್ಮಿಗೂ ಅದೇ, ಧಿಕ್ಕಾರಕ್ಕೂ ಅದೇ. ಕಂಪ್ಯೂಟರು ಮನುಷ್ಯನಂತೆ ಕಾಣಲು ತೊಡುವ ವೇಷ. ಆದರೆ ಈ ಫ್ಲೆಕ್ಸ್‌ನಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು. ದಸ್ತಗೀರಸಾಬರ ನೆನಪಾಗಿ ನಿಂತೆ.

ನಾನು ಮುದ್ದೇಬಿಹಾಳದಲ್ಲಿ ವರದಿಗಾರನಾಗಿದ್ದಾಗ ಅಂಗಡಿಯ ಹೆಸರು, ಶಾಲೆಯ ಗೋಡೆ, ಲಾರಿಯ ಬೆನ್ನು ಎಲ್ಲ ಈ ಪೇಂಟರ ಕೈಯವೇ. ಮೂಲೆಯಲ್ಲಿ ಸಣ್ಣದಾಗಿ ‘ದಸ್ತಗೀರ’ ಎಂದು ಬರೆಯದೆ ಅವರು ಕುಂಚ ತೊಳೆದವರಲ್ಲ. ಅಂಥ ಅಕ್ಷರ ಕಂಪ್ಯೂಟರಿನಲ್ಲೂ ಬಂದಿದೆಯೆಂದು ಆಗ ನಮಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ತಂಗಡಗಿ ರಸ್ತೆಯ ಬಡಾವಣೆಯ ತುಂಬ ಅಂಥದೇ ಒರಟು ಕುಂಚದಕ್ಷರದ ಭಿತ್ತಿಪತ್ರ: ‘ಪೈಪು ಎಲ್ಲಿ? ನೀರು ಎಲ್ಲಿ? ನುಂಗಿದ ಅಧ್ಯಕ್ಷ ಎಲ್ಲಿ?’ ಬಡಾವಣೆ ಸಂಘದ ಅಧ್ಯಕ್ಷರು ಕೆಂಪಾಗಿ ನನ್ನನ್ನು ಕೇಳಿದರು, “ಇದು ಯಾರ ಕೈರೀ?”

ಇಬ್ಬರನ್ನು ವಿಚಾರಿಸದೆ ಮಳೆಯ ಸುದ್ದಿಯನ್ನೂ ಕಳಿಸದ ನಾನು ತಟ್ಟನೆ, “ದಸ್ತಗೀರಸಾಬರದ ಇದ್ದಂಗ ಐತ್ರಿ” ಎಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ದಸ್ತಗೀರಸಾಬರು ಠಾಣೆಯ ಬೆಂಚಿನ ಮೇಲಿದ್ದರು. ಕೇಸಾದರೆ ಊರಲ್ಲಿ ಅವರಿಗೆ ಇನ್ನು ಯಾರೂ ಗೋಡೆ ಕೊಡುವುದಿಲ್ಲ.

“ಬರದು ಕೊಟ್ಟಾಂವ ಇಂವಾ, ಛಾಪಿಸಿದಾಂವ ಮತ್ತೊಬ್ಬಾಂವ. ಪೇಪರಿನವರ ಹೇಳ್ಯಾರ!” ಎಂದು ಅಧ್ಯಕ್ಷರು ಗುಡುಗಿದರು. ಪೇಪರಿನವನು, ನಾನೇ, ಬಾಗಿಲಲ್ಲೇ ನಿಂತು ಬೆವರುತ್ತಿದ್ದೆ.

ದಸ್ತಗೀರಸಾಬರು ಭಿತ್ತಿಪತ್ರವನ್ನು ಮೂಗಿನ ಹತ್ತಿರ ಹಿಡಿದು ಠಾಣೆಯ ಫೌಜದಾರರತ್ತ ತಿರುಗಿ ನಕ್ಕರು. “ಸಾಹೇಬ್ರ, ಮೂರೂ ‘ಎಲ್ಲಿ’ ನೋಡ್ರಿ. ಕುಂಚದ ಕೂದಲಾ ಎದ್ದ ಗೀರು ಮೂರರಾಗೂ ಅದ ಜಾಗಾದಾಗ ಐತಿ. ನಾ ಮೂರು ಸಲ ಬರದ್ರ ಮೂರು ಅಣ್ಣತಮ್ಮಂದಿರಿದ್ದಂಗ ಆಗ್ತಾವ. ಇವು ಒಬ್ಬನ ಮೂರು ಫೋಟೊ.”

ನಾನು ಟಿಪ್ಪಣಿ ಪುಸ್ತಕದ ತೆಳು ಹಾಳೆ ಹರಿದು, ಮೊದಲ ‘ಎಲ್ಲಿ’ಯ ಮೇಲಿಟ್ಟು ನಕಲು ತೆಗೆದೆ. ಎರಡನೆಯದರ ಮೇಲೆ ಸರಿಸಿದೆ, ಮೂರನೆಯದರ ಮೇಲೆ. ಗೀರಿಗೆ ಗೀರು ಕೂತಿತು.

“ನಾ ಹೇಳಿದ್ದು ತಪ್ಪರಿ. ಇದು ಮಷಿನ್ ಅಕ್ಷರ” ಎಂದೆ.

ಫೌಜದಾರರು ಹಾಳೆ ಕಸಿದು ತಾವೂ ಇಟ್ಟು ನೋಡಿದರು. “ಮನಿಗೆ ಹೋಗ್ರಿ ಸಾಬ್ರ” ಎಂದರು. ಬೆಂಚಿನಿಂದ ಎದ್ದವರು ಅವರು. ಉಸಿರು ಬಿಟ್ಟವನು ನಾನು.

ಹೊರಗೆ ಬಂದು ಕ್ಷಮೆ ಕೇಳಿದೆ. “ಬಿಡ್ರಿ” ಎಂದರು ದಸ್ತಗೀರಸಾಬರು. “ನೀವು ಓದೂ ಮಂದಿ. ಓದ್ತೀರಿ, ನೋಡಂಗಿಲ್ಲ.”

ಈಗ ಇಂಡಿಯ ಈ ಫ್ಲೆಕ್ಸನ್ನು ಹತ್ತಿರ ಹೋಗಿ ನೋಡಿದೆ. ಮೊದಲ ‘ನಿಂಬೆ’ ಮುದ್ರಣದ್ದು. ಎರಡನೆಯದರ ಗೀರನ್ನು ಯಾರೋ ನಿಜವಾದ ಬಣ್ಣದಿಂದ ಮುಚ್ಚಿ, ಬಾಲವನ್ನು ಚೂರು ಎಳೆದಿದ್ದರು.

“ಒಬ್ಬ ವಯಸ್ಸಾದ ಮುತ್ಯಾ ಮಗಳ ಮನಿಗೆ ಬಂದಾರ್ರಿ” ಎಂದ ಅಂಗಡಿಯವನು. “ಎರಡೂ ಒಂದ ನಮೂನಿ ಅದಾವ, ತಡಿ ಅಂದು ಮುಂಜಾನೆ ತಿದ್ದಿ ಹೋದ್ರು. ಬ್ಯಾಡಂದ್ರೂ ಕೇಳಲಿಲ್ಲ.”

ಮೂಲೆಯಲ್ಲಿ ಹೆಸರಿತ್ತು. ಮುಟ್ಟಿದೆ, ಬೆರಳಿಗೆ ಅಂಟಿತು.

ನಾನು ಹತ್ತಬೇಕಿದ್ದ ಸಿಂದಗಿಯ ಬಸ್ಸು ಹಾರ್ನ್ ಹಾಕುತ್ತಿತ್ತು. ಹೋಗಲಿ ಎಂದು ಬಿಟ್ಟು ಕೇಳಿದೆ, “ಆ ಮಗಳ ಮನಿ ಯಾವ ಓಣ್ಯಾಗ ಐತ್ರಿ?”